ಹಲ್ಲುಜ್ಜಿದ್ಯಾ?

ಊಟಕ್ಕೊಂದು ಜಾಗ, ನಿದ್ದೆಗೊಂದು ಜಾಗ, ಸ್ನಾನಕ್ಕೊಂದು ಜಾಗ ಎಂದು ಮನೆಯಲ್ಲಿ ಎಲ್ಲಕ್ಕೂ ಗೆರೆ ಎಳೆದಿಟ್ಟಿರುವ ನಾವು ಹಲ್ಲುಜ್ಜುವುದನ್ನು ಮಾತ್ರ ಬಯಲಿಗೆ ಬಿಟ್ಟಿದ್ದೇವೆ. ಬೆಳಿಗ್ಗೆ ಆರೂವರೆಗೆ ಮೈಸೂರಿನ ಯಾವ ಅಡ್ಡರಸ್ತೆಗಾದರೂ ಬಂದು ನೋಡಿ. ಪಂಚೆ, ಬನಿಯನ್ನು, ಹೆಗಲ ಮೇಲೊಂದು ಟವೆಲ್ಲು, ಬಾಯಲ್ಲೊಂದು ಬ್ರಷ್ಷು. ಗೇಟಿನವರೆಗೆ ಹೋಗಿ ಪೇಪರ್ ಬಿದ್ದಿದೆಯೇ ಎಂದು ನೋಡುವುದು, ಸಂಪಿನ ಮುಚ್ಚಳ ಎತ್ತಿ ಇಣುಕುವುದು, ತೆಂಗಿನ ಮರದಲ್ಲಿ ಎಷ್ಟು ಕಾಯಿ ಉಳಿದಿವೆ ಎಂದು ಕತ್ತೆತ್ತಿ ಎಣಿಸುವುದು. ಕಾಯಿ ಬರೀ ನೆಪ. ಕತ್ತೆತ್ತದಿದ್ದರೆ ನೊರೆ ಬನಿಯನ್ನಿಗೆ ಇಳಿಯುತ್ತದೆ.

ಎದುರುಮನೆಯವರೂ ಅದೇ ಹೊತ್ತಿಗೆ ಅದೇ ಸ್ಥಿತಿಯಲ್ಲಿ ಹೊರಗೆ ಬಂದರೆ ಮಾತುಕತೆ ಶುರು. ತುಟಿ ಕೂಡಿಸುವ ಹಾಗಿಲ್ಲವಾದ್ದರಿಂದ ಪ, ಬ, ಮಗಳಿಗೆ ಅಷ್ಟು ಹೊತ್ತು ರಜೆ. "ನೀರು ಅಂತಾ?" ಎಂದು ಇವರು ಕೇಳುತ್ತಾರೆ. "ಹೂಂ, ಐದಕ್ಕೇ ಅಂತು, ಸಣ್ಣಕ್ಕೆ" ಎಂದು ಅವರು ಹೇಳುತ್ತಾರೆ. ನೀರಿನ ವಿಚಾರ ಮುಗಿದ ಮೇಲೆ ಕಾರ್ಪೊರೇಷನ್ ಚುನಾವಣೆ, ಅಲ್ಲಿಂದ ಅವರ ಅಳಿಯನ ವರ್ಗಾವಣೆ. ನಮ್ಮನೆಯವರು ಈ ಭಾಷೆಯಲ್ಲಿ ಪಂಡಿತರು. ಅವರು ಹಲ್ಲುಜ್ಜುವುದಕ್ಕೆ ಇಪ್ಪತ್ತು ನಿಮಿಷ ಬೇಕು. ಅಷ್ಟರಲ್ಲಿ ಬ್ರಷ್ಷು ಹಲ್ಲಿಗೆ ತಾಗಿ ಓಡಾಡುವುದು ಅರ್ಧ ನಿಮಿಷ ಇದ್ದೀತು. ಉಳಿದ ಕಾಲವೆಲ್ಲ ಅದು ಎಡ ದವಡೆಯ ಸಂದಿನಲ್ಲಿ ವಿಶ್ರಾಂತಿ ತೆಗೆದುಕೊಳ್ಳುತ್ತದೆ. ದಂತವೈದ್ಯರು ಎರಡು ನಿಮಿಷ ಉಜ್ಜಿ ಎಂದು ಹೇಳಿದಾಗ, ತಾವು ಅದರ ಹತ್ತರಷ್ಟು ಮಾಡುತ್ತಿದ್ದೇವೆಂಬ ತೃಪ್ತಿಯನ್ನು ಅವರ ಮುಖದಲ್ಲಿ ನೋಡಬೇಕಿತ್ತು.

ಅಗ್ರಹಾರದ ವಠಾರದಲ್ಲಿದ್ದ ನಮ್ಮಜ್ಜಿಗೆ ಇಂಥ ಅಲೆದಾಟವೆಲ್ಲ ಸೇರುತ್ತಿರಲಿಲ್ಲ. ಬಚ್ಚಲ ಮುಂದಿನ ಕಲ್ಲಿನ ಮೇಲೆ ಕೂತು, ಪಕ್ಕದಲ್ಲಿ ಚೊಂಬು ಇಟ್ಟುಕೊಂಡು, ತೋರುಬೆರಳಿನಲ್ಲಿ ಉಜ್ಜಬೇಕು. ಉಜ್ಜುವವರೆಗೆ ಒಲೆ ಮುಟ್ಟುವಂತಿಲ್ಲ, ಹಾಲಿನ ಪಾತ್ರೆ ಮುಟ್ಟುವಂತಿಲ್ಲ, ದೇವರ ಮನೆ ಕಡೆ ತಲೆಹಾಕುವಂತಿಲ್ಲ, ಮುಖ್ಯವಾಗಿ ಕಾಫಿ ಇಲ್ಲ. "ಹಲ್ಲುಜ್ಜಿದ್ಯಾ?" ಎಂದು ಕೇಳದೆ ಅಜ್ಜಿ ಲೋಟವನ್ನು ಕೈಗೆ ಕೊಟ್ಟದ್ದು ನನಗೆ ನೆನಪಿಲ್ಲ. ಬೊಂಬಾಯಿಯಲ್ಲಿ ಬೆಳೆದು ಮನೆಗೆ ಸೊಸೆಯಾಗಿ ಬಂದ ನಮ್ಮ ಚಿಕ್ಕಮ್ಮ, ಮೊದಲ ದಿನ ಬೆಳಿಗ್ಗೆ ಹಾಸಿಗೆಯಲ್ಲೇ ಕಾಫಿ ಸಿಗುತ್ತದೆಯೇ ಎಂದು ಮುಗ್ಧವಾಗಿ ಕೇಳಿದ್ದನ್ನು ಅಜ್ಜಿ ತಮ್ಮ ಕೊನೆಯವರೆಗೂ ಮದುವೆಮನೆಗಳಲ್ಲಿ ಹೇಳುತ್ತಿದ್ದರು. "ಬಾಯಿ ಮುಕ್ಕಳಿಸದೆ, ಹಲ್ಲುಜ್ಜದೆ, ಹಾಸಿಗೇಲಿ!" ಎಂದು ಮೂರು ಮೆಟ್ಟಿಲಲ್ಲಿ ದನಿ ಏರಿಸುತ್ತಿದ್ದರು.

ಆದರೆ ಇದೇ ಅಜ್ಜಿ, ರಾತ್ರಿ ಒಬ್ಬಟ್ಟು ತಿಂದು ಮಲಗಲು ಹೊರಟ ನಮ್ಮನ್ನು ಒಂದು ದಿನವೂ ತಡೆದು ನಿಲ್ಲಿಸಿ ಈ ಪ್ರಶ್ನೆ ಕೇಳಲಿಲ್ಲ. ಕೈ ತೊಳೆದೆಯಾ, ಕಾಲು ತೊಳೆದೆಯಾ, ಅಷ್ಟೇ. ನನಗೆ ಎಷ್ಟೋ ವರ್ಷದ ಮೇಲೆ ಹೊಳೆದದ್ದೇನೆಂದರೆ, ನಮ್ಮ ಮನೆಗಳಲ್ಲಿ ಹಲ್ಲುಜ್ಜುವುದಕ್ಕೂ ಹಲ್ಲಿಗೂ ಅಂಥ ಸಂಬಂಧವಿರಲಿಲ್ಲ. ಅದು ಮಡಿಯ ಲೆಕ್ಕ. ರಾತ್ರಿಯಿಡೀ ಬಾಯಿ ಮೈಲಿಗೆಯಾಗಿದೆ, ದಿನ ತೊಡಗುವ ಮುಂಚೆ ಅದನ್ನು ಕಳೆಯಬೇಕು. ಬೇಳೆ ಒಬ್ಬಟ್ಟಿನ ಚೂರು ದವಡೆ ಹಲ್ಲಿನ ಗುಳಿಯಲ್ಲಿ ರಾತ್ರಿಯೆಲ್ಲ ಕೂತು ಏನು ಮಾಡುತ್ತದೆ ಎಂಬುದು ಶಾಸ್ತ್ರದ ವಿಷಯವಾಗಿರಲಿಲ್ಲ. ಏಕಾದಶಿ ಬಂದರಂತೂ ಉಜ್ಜುವುದೇ ಇಲ್ಲ. ಉಪವಾಸದ ದಿನ, ಶ್ರಾದ್ಧದ ದಿನ ಕಡ್ಡಿ ಬಳಸಬಾರದು, ಹನ್ನೆರಡು ಸಲ ಬಾಯಿ ತುಂಬ ನೀರು ಮುಕ್ಕಳಿಸಿದರೆ ಸಾಕು ಎಂದು ಧರ್ಮಶಾಸ್ತ್ರವೇ ರಜೆ ಕೊಟ್ಟಿದೆ. ನಮ್ಮ ಅಣ್ಣ ಉಪವಾಸ ಮಾಡದಿದ್ದರೂ ಏಕಾದಶಿಯ ಈ ಒಂದು ಭಾಗವನ್ನು ನಿಷ್ಠೆಯಿಂದ ಪಾಲಿಸುತ್ತಿದ್ದ.

ಆಯುರ್ವೇದದವರು ಇನ್ನೊಂದು ದಾರಿ ಹಿಡಿದಿದ್ದರು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ, ತುದಿ ಜಜ್ಜಿದ ಒಗರು, ಕಹಿ ಅಥವಾ ಖಾರ ರುಚಿಯ ಕಡ್ಡಿಯಿಂದ ದಿನಕ್ಕೆ ಎರಡು ಹೊತ್ತು ಹಲ್ಲು ತಿಕ್ಕಬೇಕು, ವಸಡಿಗೆ ನೋವಾಗದ ಹಾಗೆ ತಿಕ್ಕಬೇಕು ಎಂದಿದೆ. ಎರಡು ಹೊತ್ತು, ವಸಡಿಗೆ ನೋವಾಗದ ಹಾಗೆ. ಇವತ್ತಿನ ದಂತವೈದ್ಯರು ಗೋಡೆಗೆ ಹಾಕುವ ಚಾರ್ಟಿನಲ್ಲೂ ಮುಖ್ಯವಾದ ಮಾತು ಇವೇ ಎರಡು. ಕಡ್ಡಿ ಹನ್ನೆರಡು ಅಂಗುಲ ಉದ್ದ, ಕಿರುಬೆರಳಿನ ದಪ್ಪ ಇರಬೇಕೆಂದೂ ಹಳಬರು ಅಳತೆ ಕೊಟ್ಟಿದ್ದಾರೆ. ಹೊಂಗೆ, ಎಕ್ಕ, ಮತ್ತಿ, ಆಲ ಎಂದು ಮರಗಳ ಪಟ್ಟಿಯೂ ಇದೆ. ನಾಲಿಗೆ ಹೆರೆಯುವ ಪಟ್ಟಿ ಚಿನ್ನದ್ದೋ ಬೆಳ್ಳಿಯದೋ ತಾಮ್ರದ್ದೋ ಆಗಬಹುದಂತೆ. ಚಿನ್ನದ ಪಟ್ಟಿಯಲ್ಲಿ ನಾಲಿಗೆ ಹೆರೆದುಕೊಂಡವರೂ ಬೆಳಿಗ್ಗೆ ನಮ್ಮ ವಠಾರದವರ ಥರವೇ "ಹ್ಯಾ...ಕ್" ಎಂದು ಸದ್ದು ಮಾಡುತ್ತಿದ್ದರೋ ಏನೋ. ಈ ಸದ್ದಿನಿಂದಲೇ ಯಾವ ಮನೆಯಲ್ಲಿ ಯಾರು ಎದ್ದರೆಂದು ವಠಾರಕ್ಕೆ ಗೊತ್ತಾಗುತ್ತಿತ್ತು, ಗಡಿಯಾರ ಬೇಕಿರಲಿಲ್ಲ.

ಕಡ್ಡಿಗೆ ಹೋಗುವಷ್ಟು ಪುರುಸೊತ್ತಿಲ್ಲದವರಿಗೆ ಪುಡಿ. ಹಳ್ಳಿಯಲ್ಲಿ ಒಲೆಯ ಇದ್ದಿಲು, ಉಪ್ಪು, ಭತ್ತದ ಹೊಟ್ಟು ಸುಟ್ಟ ಬೂದಿ. ದಕ್ಷಿಣ ಕನ್ನಡದ ಕಡೆ ಮಾವಿನ ಎಲೆಯನ್ನು ಮಡಿಸಿ ತಿಕ್ಕುವವರಿದ್ದರು. ನಮಗೆ ಪೊಟ್ಟಣದ ವೈಭವವಿತ್ತು. ವೈದ್ಯ ಬಿ.ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಶುರು ಮಾಡಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಹಳೇ ಮೈಸೂರಿನ ಎಷ್ಟೋ ಬಚ್ಚಲುಮನೆಗಳ ಗೂಡಿನಲ್ಲಿ ಕಾಯಂ ವಾಸಿ. ನಂಜನಗೂಡು ಎಂದ ತಕ್ಷಣ ಹೊರಗಿನವರಿಗೆ ಶ್ರೀಕಂಠೇಶ್ವರ ನೆನಪಾದರೆ ನಮ್ಮ ಪೀಳಿಗೆಗೆ ರಸಬಾಳೆಯೂ ಹಲ್ಲುಪುಡಿಯೂ ಒಟ್ಟಿಗೇ ನೆನಪಾಗುತ್ತವೆ. ಅಜ್ಜಿ ಪೊಟ್ಟಣದ ಮೂಲೆ ಹರಿದು ಎಡಗೈಗೆ ಸುರಿದರೆ ಮುಷ್ಟಿ ಬಿಗಿಮಾಡಿಕೊಂಡು ಬಚ್ಚಲಿಗೆ ಓಡಬೇಕು. ನಡುವೆ ಸೀನು ಬಂದರೆ ಅವತ್ತಿಗೆ ಪುಡಿ ಮುಗಿಯಿತು. ಎರಡನೇ ಸಲ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಹಳೆಯದೆಲ್ಲ ಚಿನ್ನ ಎಂಬ ಪಕ್ಷ ನನ್ನದಲ್ಲ. ಇದ್ದಿಲು, ಇಟ್ಟಿಗೆಪುಡಿ, ಮರಳು ಬೆರೆತ ಬೂದಿ ಹಲ್ಲನ್ನು ಬೆಳ್ಳಗೆ ಮಾಡುವುದು ಮೇಲಿನ ಪದರವನ್ನು ತೇಯುವುದರಿಂದ. ಎನಾಮಲ್ ನಮ್ಮ ಇಡೀ ಮೈಯಲ್ಲಿ ಅತಿ ಗಟ್ಟಿಯಾದ ವಸ್ತು. ಆದರೆ ಒಮ್ಮೆ ಹೋದರೆ ಹೋಯಿತು, ಉಗುರು ಕೂದಲಿನಂತೆ ಮತ್ತೆ ಬೆಳೆಯುವುದಿಲ್ಲ. ವಠಾರದ ಹಿರಿಯ ಹೆಂಗಸರು ಕೆಲವರು ಹಲ್ಲುಪುಡಿ ಎಂದು ಹೇಳಿಕೊಂಡು ಉಜ್ಜುತ್ತಿದ್ದದ್ದು ನಶ್ಯ. ಉಜ್ಜಿ ಉಜ್ಜಿ ಅರ್ಧ ಗಂಟೆ ಬಚ್ಚಲ ಬಳಿಯೇ ಕೂತಿರುತ್ತಿದ್ದರು, ಎಬ್ಬಿಸಿದರೆ ಸಿಡುಕುತ್ತಿದ್ದರು. ಇಷ್ಟೊಂದು ಶ್ರದ್ಧೆಯಿಂದ ಹಲ್ಲುಜ್ಜುವವರು ಇದ್ದಾರಲ್ಲ ಎಂದು ನಾವು ಮಕ್ಕಳು ಬೆರಗಾಗುತ್ತಿದ್ದೆವು. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬೆರೆಸುವುದನ್ನು ಭಾರತ ಸರ್ಕಾರ ನಿಷೇಧಿಸಿದ್ದು 1992ರಲ್ಲಿ.

ಬ್ರಷ್ಷು ಮನೆಗೆ ಬಂದಾಗ ಅಜ್ಜಿ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದು ಯಾತರ ಕೂದಲು?" ಎಂದು ಕೇಳಿದ್ದರಂತೆ. ಪ್ಲಾಸ್ಟಿಕ್ಕು ಎಂದು ಅಪ್ಪ ಹೇಳಿದ್ದರಿಂದ ಬಚಾವಾಯಿತು. ಅಜ್ಜಿಯ ಅನುಮಾನ ಒಂದೆರಡು ತಲೆಮಾರು ಹಿಂದಕ್ಕೆ ಹೋಗಿದ್ದರೆ ನೂರಕ್ಕೆ ನೂರು ಸರಿ. ಚೀನಾದವರು ಕಂಡುಹಿಡಿದ ಬ್ರಷ್ಷಾಗಲಿ, ಆಮೇಲೆ ಯುರೋಪಿನವರು ಮಾಡಿದ್ದಾಗಲಿ, ಅದರ ಎಳೆಗಳು ಬಹುಮಟ್ಟಿಗೆ ಹಂದಿಯ ಕೂದಲು. ಅಮೆರಿಕದ ಡುಪಾಂಟ್ ಕಂಪನಿಯ ನೈಲಾನ್ ಎಳೆ ಬ್ರಷ್ಷಿಗೆ ಬಂದದ್ದು 1938ರಲ್ಲಿ. ಆ ಒಂದು ವರ್ಷ ಹಿಂದುಮುಂದಾಗಿದ್ದರೆ ನಮ್ಮ ಎಷ್ಟು ಮನೆಗಳ ಬಚ್ಚಲಲ್ಲಿ ಎಷ್ಟು ಪುಣ್ಯಾಹ ಮಾಡಿಸಬೇಕಾಗುತ್ತಿತ್ತೋ!

ಹೀಗೆ ಬೆಳಗಿನ ಮಡಿಯಲ್ಲೇ ನಡೆದುಹೋಗುತ್ತಿದ್ದ ಬಾಳಿಗೆ ಕಲ್ಲು ಹಾಕಿದ್ದು ಮಗಳ ಶಾಲೆಯ ದಂತ ತಪಾಸಣಾ ಶಿಬಿರ. ಅವಳು ಸಂಜೆ ಬರುವಾಗ ಒಂದು ಸಣ್ಣ ಪೊಟ್ಟಣದಲ್ಲಿ ಕೆಂಪು ಮಾತ್ರೆಗಳನ್ನು ತಂದಳು. ಜಗಿದು, ಬಾಯೆಲ್ಲ ಆಡಿಸಿ, ಉಗುಳಬೇಕು. ಶುದ್ಧವಾದ ಹಲ್ಲಿಗೆ ಬಣ್ಣ ಹತ್ತುವುದಿಲ್ಲ. ಎಲ್ಲಿ ಪ್ಲಾಕ್ ಎಂಬ ಅಂಟುಪೊರೆ ಕೂತಿದೆಯೋ ಅಲ್ಲಿ ಮಾತ್ರ ಗುಲಾಬಿ ಬಣ್ಣ ಉಳಿಯುತ್ತದೆ. ಅವಳ ಬಾಯಲ್ಲಿ ಅಲ್ಲಲ್ಲಿ ಉಳಿದಿತ್ತು. "ಅಪ್ಪಾ, ನೀನೂ ಹಾಕ್ಕೋ" ಎಂದಳು. ನಮ್ಮನೆಯವರು, ಇಪ್ಪತ್ತು ನಿಮಿಷದವರು, ಹುಮ್ಮಸ್ಸಿನಿಂದಲೇ ಹಾಕಿಕೊಂಡರು.

ಕನ್ನಡಿ ಮುಂದೆ ಅವರು ಬಾಯಿ ತೆರೆದಾಗ ನಾನೂ ಮಗಳೂ ಟಾರ್ಚು ಹಿಡಿದು ಇಣುಕಿದೆವು. ಮುಂದಿನ ಹಲ್ಲುಗಳ ಹೊರಮೈ ಫಳಫಳ. ಅದು ಪ್ರಪಂಚಕ್ಕೆ ಕಾಣುವ ಕಡೆ. ಒಳಗೆ ಹೋದಂತೆ ಹೋಳಿ ಹಬ್ಬ. ಕೊನೆಯ ದವಡೆ ಹಲ್ಲುಗಳ ಹಿಂಬದಿ, ಮೇಲಿನ ಹಲ್ಲುಗಳು ವಸಡಿಗೆ ಕೂಡುವ ಗೆರೆ, ಎಲ್ಲಕ್ಕಿಂತ ಹೆಚ್ಚಾಗಿ ಕೆಳಗಿನ ಮುಂಬಲ್ಲುಗಳ ಒಳಮೈ. ಅಲ್ಲಿ ಬಣ್ಣದ ಅಡಿಯಲ್ಲಿ ಗಾರೆ ಮೆತ್ತಿದಷ್ಟು ಗಟ್ಟಿಯಾಗಿ ಏನೋ ಕೂತಿತ್ತು. ಜೊಲ್ಲಿನ ಗ್ರಂಥಿಗಳ ಕೊಳವೆ ನಾಲಿಗೆಯ ಕೆಳಗೆ, ಆ ಹಲ್ಲುಗಳ ಹಿಂದೆಯೇ ತೆರೆದುಕೊಳ್ಳುತ್ತದೆ. ಜೊಲ್ಲಿನ ಕ್ಯಾಲ್ಸಿಯಂ ಪ್ಲಾಕಿಗೆ ಸೇರಿ ಗಟ್ಟಿಯಾದರೆ ಅದೇ ಟಾರ್ಟರ್, ಆಮೇಲೆ ಬ್ರಷ್ಷಿಗೆ ಜಗ್ಗುವುದಿಲ್ಲ. ಇದೆಲ್ಲ ಮಗಳು ಶಿಬಿರದಲ್ಲಿ ಕೊಟ್ಟ ಹಾಳೆ ನೋಡಿಕೊಂಡು ಓದುತ್ತಿದ್ದಳು. ನಮ್ಮನೆಯವರು ಬಾಯಿ ತೆರೆದುಕೊಂಡೇ ಏನೋ ಸಮಜಾಯಿಷಿ ಹೇಳಿದರು. ಪ, ಬ, ಮ ಇಲ್ಲದ್ದರಿಂದ ಪೂರ್ತಿ ತಿಳಿಯಲಿಲ್ಲ, "ಆತ್ರೆ ಸರಿಯಿಲ್ಲ" ಎಂದದ್ದು ಮಾತ್ರ ತಿಳಿಯಿತು.

ಮಾತ್ರೆ ಸರಿಯಿಲ್ಲವೆಂದು ಸಾಬೀತು ಮಾಡಲೆಂದೇ ಅವರು ದಂತವೈದ್ಯರ ಹತ್ತಿರ ಹೋಗಲು ಒಪ್ಪಿದ್ದು. ಡಾಕ್ಟರು ಚಿಕ್ಕ ವಯಸ್ಸಿನವರು, ಬಾಯಲ್ಲಿ ಕನ್ನಡಿ ಆಡಿಸಿ, "ಸಾರ್ ಬಲಗೈಯವರು, ಅಲ್ವಾ?" ಎಂದರು. ಇವರು ಕೈ ರೇಖೆ ತೋರಿಸದೆಯೇ ಭವಿಷ್ಯ ಹೇಳಿದರೆಂದು ಬೆರಗಾದರು. ಎಡಗಡೆಯ ಕೋರೆಹಲ್ಲು, ಅದರ ಪಕ್ಕದ ಹಲ್ಲು ವಸಡಿನ ಬಳಿ ಕೊಡಲಿ ಏಟು ಬಿದ್ದಷ್ಟು ಸವೆದಿದ್ದವು. ಬಲಗೈಯವರ ಬ್ರಷ್ಷಿನ ಬಲವೆಲ್ಲ ಎಡಕ್ಕೆ ಬೀಳುತ್ತದಂತೆ. "ಗಟ್ಟಿ ಬ್ರಷ್ಷಿಂದ ಅಡ್ಡಡ್ಡ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದೀರಾ ಸಾರ್." ಸ್ವಂತ ಮನೆಯಲ್ಲಿ ಪಾತ್ರೆ ಮುಟ್ಟದ ಮನುಷ್ಯನ ಮೇಲೆ ಇಂಥ ಆರೋಪ ಬಂದದ್ದು ನನಗೆ ಒಳಗೊಳಗೇ ಹಿತವಾಯಿತು.

ಆಮೇಲೆ ಡಾಕ್ಟರು ಅಂಗೈ ಅಗಲದ ಹಲ್ಲಿನ ಸೆಟ್ಟು, ಮಾರುದ್ದದ ಬ್ರಷ್ಷು ತೆಗೆದು ಪಾಠ ಶುರು ಮಾಡಿದರು. ಬ್ರಷ್ಷು ಮೆತ್ತಗಿರಬೇಕು. ಅದನ್ನು ಹಲ್ಲು ಮತ್ತು ವಸಡು ಕೂಡುವ ಗೆರೆಗೆ 45 ಡಿಗ್ರಿ ಓರೆಯಾಗಿ ಹಿಡಿಯಬೇಕು, ಎಳೆಗಳು ಅರ್ಧ ವಸಡಿನ ಮೇಲೆ, ಅರ್ಧ ಹಲ್ಲಿನ ಮೇಲೆ ಬರಬೇಕು. ಅಲ್ಲೇ ಸಣ್ಣಗೆ ನಡುಗಿಸಿ, ವಸಡಿನಿಂದ ಹಲ್ಲಿನ ತುದಿಗೆ ಸವರಿಕೊಂಡು ಬರಬೇಕು. ಎರಡೆರಡು ಹಲ್ಲು ಮುಗಿಸಿ ಮುಂದೆ ಹೋಗಬೇಕು. ಒಳಗಡೆಯೂ ಹೀಗೇ. ಮುಂಬಲ್ಲಿನ ಒಳಮೈಗೆ ಬ್ರಷ್ಷನ್ನು ನೆಟ್ಟಗೆ ನಿಲ್ಲಿಸಬೇಕು. ಈ ವಿಧಾನಕ್ಕೆ ಮಾರ್ಪಡಿಸಿದ ಬಾಸ್ ವಿಧಾನ ಎಂದು ಹೆಸರು. ಬಾಸ್ ಎಂದರೆ ಆಫೀಸಿನ ಬಾಸ್ ಅಲ್ಲ, ಅಮೆರಿಕದ ನ್ಯೂ ಆರ್ಲಿಯನ್ಸಿನ ಚಾರ್ಲ್ಸ್ ಬಾಸ್. ಈತ ದಂತವೈದ್ಯನೇ ಅಲ್ಲ. 1912ರಲ್ಲಿ ಮಲೇರಿಯಾ ರೋಗಾಣುವನ್ನು ಪ್ರಯೋಗಶಾಲೆಯ ಗಾಜಿನ ನಳಿಕೆಯಲ್ಲಿ ಬೆಳೆಸಿ ಹೆಸರು ಮಾಡಿದವನು. ವಯಸ್ಸಾದ ಮೇಲೆ ಸೂಕ್ಷ್ಮದರ್ಶಕವನ್ನು ಹಲ್ಲಿನ ಕಡೆ ತಿರುಗಿಸಿ, ಬ್ರಷ್ಷಿನ ಎಳೆ ಎಷ್ಟು ತೆಳ್ಳಗಿರಬೇಕು, ಅದರ ತುದಿ ಹೇಗೆ ದುಂಡಗಿರಬೇಕು ಎಂದು 1940ರ ದಶಕದಲ್ಲಿ ಬರೆಯತೊಡಗಿದ. ಸೊಳ್ಳೆಯ ರೋಗ ನೋಡಿದವನಿಗೆ ವಸಡಿನ ಸಂದಿ ಕಂಡದ್ದು ಸಹಜವೇ. ಸೊಳ್ಳೆ, ಸಂದಿಯ ಜೀವಾಣು, ಇಬ್ಬರೂ ರಾತ್ರಿಯೇ ಕೆಲಸ ಮಾಡುವವರು.

ರಾತ್ರಿಯ ಮಾತು ಬಂದದ್ದೂ ಅಲ್ಲೇ. ಬಾಯಲ್ಲಿ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಮುಂತಾದ ಜೀವಾಣುಗಳು ಬೀಡುಬಿಟ್ಟಿರುತ್ತವೆ. ನಾವು ತಿಂದ ಸಕ್ಕರೆಯನ್ನು ಅವೂ ತಿಂದು ಆಮ್ಲ ಬಿಡುತ್ತವೆ. ಆಮ್ಲತೆಯ ಅಳತೆ ಪಿಎಚ್ 5.5ಕ್ಕಿಂತ ಇಳಿದರೆ ಎನಾಮಲ್ ಕರಗಲು ತೊಡಗುತ್ತದೆ. ಹಗಲು ಜೊಲ್ಲು ಹರಿದು ಅರ್ಧ ಮುಕ್ಕಾಲು ಗಂಟೆಯಲ್ಲಿ ಅದನ್ನು ಸರಿಮಾಡುತ್ತದೆ. ನಿದ್ದೆಯಲ್ಲಿ ಜೊಲ್ಲು ತೀರಾ ಕಡಿಮೆ. ದಿಂಬು ಒದ್ದೆ ಮಾಡುವವರು ಇದನ್ನು ನಂಬುವುದಿಲ್ಲ, ಆದರೂ ನಿಜ. ಹಾಗಾಗಿ ಒಬ್ಬಟ್ಟು ತಿಂದು ಮಲಗಿದವನ ಬಾಯಲ್ಲಿ ಬೆಳಗಿನ ತನಕ ಕೇಳುವವರಿಲ್ಲ. ಎಷ್ಟು ಸಿಹಿ ತಿಂದಿರಿ ಎಂಬುದಕ್ಕಿಂತ ಎಷ್ಟು ಸಲ ತಿಂದಿರಿ ಎಂಬುದು ಹಲ್ಲಿಗೆ ಮುಖ್ಯವಂತೆ. ಹಾಗೆ ನೋಡಿದರೆ, ಒಂದು ಸಲಕ್ಕೆ ನಾಲ್ಕು ಮೈಸೂರುಪಾಕು ತಿಂದು ಎದ್ದವನಿಗಿಂತ, ಆಫೀಸಿನಲ್ಲಿ ಗಂಟೆಗೊಂದು ಬೈಟು ಕಾಫಿ ಹೀರುವವನ ಹಲ್ಲಿಗೇ ಕಷ್ಟ ಹೆಚ್ಚು. ಮೈಸೂರಿನವರಿಗೆ ಇದು ಅರ್ಧ ಸಿಹಿಸುದ್ದಿ.

ನಮ್ಮನೆಯವರಿಗೆ ನುಂಗಲಾಗದ ಮಾತು ಬೇರೆ ಇತ್ತು. ಪೇಸ್ಟಿನ ಫ್ಲೋರೈಡ್ ಹಲ್ಲಿನ ಮೇಲೆ ಉಳಿಯಬೇಕಾದರೆ, ಉಜ್ಜಿದ ಮೇಲೆ ನೊರೆ ಉಗುಳಿ ಸುಮ್ಮನಾಗಬೇಕು, ಚೊಂಬುಗಟ್ಟಲೆ ನೀರು ಹಾಕಿ ಮುಕ್ಕಳಿಸಬಾರದು. ಎಂಜಲು ಬಾಯಿ ತೊಳೆಯದೆ ಮಲಗುವುದೇ? ಏಕಾದಶಿಯಂದು ಹನ್ನೆರಡು ಸಲ ಮುಕ್ಕಳಿಸಿದ ವಂಶ! "ನೋಡ್ತೀನಿ ಡಾಕ್ಟ್ರೇ" ಎಂದು ಎದ್ದುಬಂದರು. ಎದುರುಮನೆಯವರಿಂದ ಕಲಿತ ನಿಂಬೆಹಣ್ಣು, ಜೇನು, ಬಿಸಿನೀರಿನ ವಿಷಯ ನಾನೇ ಕೇಳಿದೆ. ಹುಳಿ ಕುಡಿದ ತಕ್ಷಣ ಉಜ್ಜಿದರೆ ಮೆತ್ತಗಾದ ಎನಾಮಲ್ ಸವೆಯುತ್ತದೆ, ಅರ್ಧ ಗಂಟೆ ಬಿಡಿ ಎಂದರು. ನಿಂಬೆನೀರು ಕುಡಿದು, ಅರ್ಧ ಗಂಟೆ ಕಾದು, ಹಲ್ಲುಜ್ಜಿ, ಆಮೇಲೆ ಕಾಫಿ ಎಂದರೆ ಎಂಟು ಗಂಟೆ. ನಮ್ಮ ಮನೆಯಲ್ಲಿ ನಿಂಬೆನೀರು ಅವತ್ತೇ ನಿಂತಿತು.

ಫ್ಲೋರೈಡ್ ಎಂದಾಗ ನನಗೆ ಪಾವಗಡದ ಕಡೆಯಿಂದ ಬಂದು ನಮ್ಮ ಹಾಸ್ಟೆಲಿನಲ್ಲಿದ್ದ ಗೆಳತಿ ನೆನಪಾಗುತ್ತಾಳೆ. ಪೇಸ್ಟಿನಲ್ಲಿ ಚಿಟಿಕೆಯಷ್ಟು ಇದ್ದರೆ ಹಲ್ಲು ಕಾಯುವ ಇದೇ ವಸ್ತು, ಪಾವಗಡ, ಬಾಗೇಪಲ್ಲಿ, ಮುಂಡರಗಿ ಸೀಮೆಯ ಬೋರ್‌ವೆಲ್ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿ ಇದ್ದದ್ದರಿಂದ, ಹಲ್ಲು ವಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲೇ ಎಷ್ಟೋ ಮಕ್ಕಳ ಎನಾಮಲ್ಲಿಗೆ ಕಂದು ಪಟ್ಟೆ ಬಿದ್ದಿದೆ. ಅದು ಉಜ್ಜಿದರೆ ಹೋಗುವ ಕೊಳೆಯಲ್ಲ. ಆದರೂ ಅವಳಿಗೆ ಹೊಸ ಪರಿಚಯದವರೆಲ್ಲ ಪೇಸ್ಟಿನ ಹೆಸರು ಸೂಚಿಸುತ್ತಿದ್ದರು. ಹಾಸ್ಟೆಲಿನಲ್ಲಿ ದಿನಕ್ಕೆ ಎರಡು ಹೊತ್ತು ತಪ್ಪದೆ ಹಲ್ಲುಜ್ಜುತ್ತಿದ್ದವಳು ಅವಳೊಬ್ಬಳೇ. ನಗುವಾಗ ಕೈ ಅಡ್ಡ ಹಿಡಿಯುತ್ತಿದ್ದವಳೂ ಅವಳೇ.

ಪೇಸ್ಟು ಎಷ್ಟು ಬೇಕು ಎಂಬುದರಲ್ಲಿ ಜಾಹೀರಾತಿನವರಿಗೂ ಡಾಕ್ಟರಿಗೂ ಒಪ್ಪಂದವಿಲ್ಲ. ಟಿವಿಯಲ್ಲಿ ಬ್ರಷ್ಷಿನ ಈ ತುದಿಯಿಂದ ಆ ತುದಿಗೆ ಹಾವಾಡಿಸಿ ಬಾಲವನ್ನು ಮೇಲಕ್ಕೆ ತಿರುವಿ ನಿಲ್ಲಿಸುತ್ತಾರೆ. ಮೂರರಿಂದ ಆರು ವರ್ಷದ ಮಗುವಿಗೆ ಬಟಾಣಿ ಕಾಳಿನಷ್ಟು, ಅದಕ್ಕೂ ಚಿಕ್ಕದಕ್ಕೆ ಅಕ್ಕಿಕಾಳಿನಷ್ಟು ಸಾಕು. ಇದೇ ಜಾಹೀರಾತುಗಳು ಒಂದು ಕಾಲಕ್ಕೆ ಹಳ್ಳಿಯವರ ಇದ್ದಿಲು ಉಪ್ಪನ್ನು ಆಡಿಕೊಂಡು ನಕ್ಕು, ಈಗ ಇದ್ದಿಲು ಉಪ್ಪನ್ನೇ ಟ್ಯೂಬಿಗೆ ತುಂಬಿ ಹೆಚ್ಚು ಬೆಲೆಗೆ ಮಾರುತ್ತಿವೆ. ನಮ್ಮ ಮನೆಯಲ್ಲಿ ಟ್ಯೂಬು ಖಾಲಿಯಾಗಿದೆ ಎಂದು ನಾನು ಘೋಷಿಸಿದ ಮೇಲೂ ಒಂದು ವಾರ ಬರುತ್ತದೆ. ಮೊದಲು ಬೆರಳಲ್ಲಿ ಒತ್ತುತ್ತಾರೆ, ಆಮೇಲೆ ಲಟ್ಟಣಿಗೆ ಉರುಳಿಸುತ್ತಾರೆ, ಕೊನೆಗೆ ಕತ್ತರಿಯಲ್ಲಿ ಹೊಟ್ಟೆ ಸೀಳುತ್ತಾರೆ.

ಬ್ರಷ್ಷಿನ ವಿಷಯದಲ್ಲಿ ಮೂರು ತಿಂಗಳಿಗೊಮ್ಮೆ ಬದಲಿಸಿ ಎಂಬ ಸಲಹೆಯನ್ನು ನಾವು ಪುನರ್ಜನ್ಮ ಎಂದು ಅರ್ಥಮಾಡಿಕೊಂಡಿದ್ದೇವೆ. ಎಳೆಗಳು ನಾಲ್ಕು ದಿಕ್ಕಿಗೂ ಚೆಲ್ಲಿದ ಮೇಲೆ ಅದು ತಲೆಗೆ ಬಣ್ಣ ಹಚ್ಚಲು ಹೋಗುತ್ತದೆ. ಅಲ್ಲಿಂದ ಕುಕ್ಕರಿನ ಗ್ಯಾಸ್ಕೆಟ್ ಕೂರುವ ತೋಡು, ದೀಪಾಲೆಕಂಬದ ಸಂದು, ಸೈಕಲ್ ಚೈನು. ಎಳೆ ಪೂರ್ತಿ ಉದುರಿ ಬರೀ ಹಿಡಿ ಉಳಿದಾಗ ಪೈಜಾಮಕ್ಕೆ ಲಾಡಿ ಪೋಣಿಸಲು ಅದಕ್ಕಿಂತ ಒಳ್ಳೆಯ ಸಾಧನ ಮನೆಯಲ್ಲಿ ಇನ್ನೊಂದಿಲ್ಲ. ಹಿಡಿಯ ತುದಿಗೆ ತೂತು ಇಟ್ಟವನು ಲಾಡಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಇಟ್ಟಿದ್ದಾನೆಂದು ನಮ್ಮತ್ತೆ ನಂಬಿದ್ದರು.

ಈಚೆಗೆ ದೊಡ್ಡಪ್ಪನ ಮನೆಗೆ ಹೋಗಿ ಒಂದು ರಾತ್ರಿ ಉಳಿದಿದ್ದೆವು. ದೊಡ್ಡಪ್ಪನಿಗೆ ಈಗ ಎರಡೂ ದವಡೆಗೆ ಕಟ್ಟಿಸಿದ ಹಲ್ಲು. ಜೀವಮಾನದಲ್ಲಿ ರಾತ್ರಿ ಹಲ್ಲುಜ್ಜಿದವರಲ್ಲ, ಉಜ್ಜುವವರನ್ನು ಕಂಡರೆ "ಏನಯ್ಯಾ, ನಿದ್ದೆಯಲ್ಲಿ ಯಾರ ಜೊತೆ ಮಾತಾಡ್ಬೇಕು?" ಎಂದು ಗೇಲಿ ಮಾಡಿದವರು. ಊಟವಾದ ಮೇಲೆ ಅವರು ಬೇಸಿನ್ನಿನ ಮುಂದೆ ನಿಂತು ಸೆಟ್ಟು ತೆಗೆದು, ಬೇಸಿನ್ನಿಗೆ ನೀರು ತುಂಬಿಕೊಂಡು, ಕೈಜಾರಿ ಬಿದ್ದರೂ ಒಡೆಯಬಾರದಲ್ಲ ಅದಕ್ಕೆ, ಬೇರೆಯದೇ ಒಂದು ಮೆತ್ತನೆ ಬ್ರಷ್ಷಿನಲ್ಲಿ ಒಂದೊಂದೇ ಹಲ್ಲಿನ ಒಳಗೆ ಹೊರಗೆ ಉಜ್ಜತೊಡಗಿದರು. ಪೇಸ್ಟು ಗೀರು ಬೀಳಿಸುತ್ತದೆಂದು ಬರೀ ಸೋಪಿನ ನೀರು. ಕನ್ನಡಕ ಮೇಲೇರಿಸಿ ದೀಪಕ್ಕೆ ಹಿಡಿದು ನೋಡಿ, ಮತ್ತೆ ಉಜ್ಜಿ, ಮುಚ್ಚಳವಿರುವ ಡಬ್ಬಿಯ ನೀರಿನಲ್ಲಿ ಮುಳುಗಿಸಿಟ್ಟರು. ಮಗಳು ಗಡಿಯಾರ ನೋಡುತ್ತಾ ನಿಂತಿದ್ದಳು.

"ದೊಡ್ಡಜ್ಜ, ನಿಜವಾದ ಹಲ್ಲಿದ್ದಾಗ ನೀವು ರಾತ್ರಿ ಉಜ್ಜುತ್ತಲೇ ಇರ್ಲಿಲ್ವಂತೆ?"

ದೊಡ್ಡಪ್ಪ ಬೊಚ್ಚುಬಾಯಿ ಒರೆಸಿಕೊಂಡು, "ಅವು ಪುಕ್ಕಟೆ ಬಂದಿದ್ದು ಕಣಮ್ಮಾ. ಇದಕ್ಕೆ ದುಡ್ಡು ಕೊಟ್ಟಿದೀನಿ. ರಸೀದಿ ಇದೆ" ಎಂದರು.

"ಎಲ್ಲಿಟ್ಟಿದಾರೆ ಕೇಳು ಪುಟ್ಟೀ ಆ ರಸೀದಿ" ಎಂದು ಒಳಗಿನಿಂದ ದೊಡ್ಡಮ್ಮ ಕೂಗಿದರು. "ಹೋದ ತಿಂಗಳಿಂದ ನಾನೂ ಕೇಳ್ತಾ ಇದೀನಿ."

ದೊಡ್ಡಪ್ಪ ಡಬ್ಬಿಯ ಮುಚ್ಚಳ ಹಾಕಿ ಬೀರು ಹುಡುಕಲು ಹೋದರು.